ಡಿಮೆನ್ಷಿಯಾ ಇರುವ ಅಮ್ಮನನ್ನು ತುರ್ತಿನಲ್ಲಿ ಹೊರಗೆ ಕರೆತರುವುದು: ನನ್ನ ಅನುಭವ

ಕಟ್ಟಡದಲ್ಲಿ ಬೆಂಕಿಯ ಅಲಾರಂ ಮೊಳಗಿದ ರಾತ್ರಿ ನನ್ನ ಅಮ್ಮ ಮಂಚದ ಅಂಚನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕುಳಿತುಬಿಟ್ಟರು. ನಾನು ಅಪಾಯವನ್ನು ವಿವರಿಸಿದಷ್ಟೂ, ತೋಳು ಹಿಡಿದು ಎಳೆದಷ್ಟೂ ಅವರ ಹಿಡಿತ ಗಟ್ಟಿಯಾಯಿತು. ಅಂದು ಬೆಂಕಿ ಹೊತ್ತಿರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ.

ಕಾರಣ ನಿಧಾನವಾಗಿ ಅರ್ಥವಾಯಿತು. ಡಿಮೆನ್ಷಿಯಾ ಎಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ; ಇದರಲ್ಲಿ ಸಾಮಾನ್ಯವಾಗಿ ಹೊಸ ಸಂಗತಿಯನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮೊದಲೇ ಕುಂದಿದರೂ, ದೇಹಕ್ಕೆ ರೂಢಿಯಾದ ಅಭ್ಯಾಸಗಳು ಬಹುಕಾಲ ಉಳಿಯಬಲ್ಲವು. ಆದ್ದರಿಂದ ಪ್ರತಿ ಸಂಜೆ ಒಂದೇ ಹೊತ್ತಿಗೆ, ಅದೇ ಶಾಲು ಹೊದಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲುಗಳ ದಾರಿಯಲ್ಲೇ ಅವರನ್ನು ಅಂಗಳಕ್ಕೆ ಕರೆದೊಯ್ಯತೊಡಗಿದೆ. ಹಿಂದಿನಿಂದ ಮುಟ್ಟದೆ, ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಾಗಿ, "ಬನ್ನಿ ಅಮ್ಮ, ಸುತ್ತಾಡಿ ಬರೋಣ" ಎಂಬ ಒಂದೇ ಮಾತನ್ನು ಹೇಳುತ್ತೇನೆ. ಬೆಂಕಿ, ಅಪಾಯ ಎಂಬ ಪದಗಳನ್ನು ಎತ್ತುವುದೇ ಇಲ್ಲ.

ಬಾಗಿಲ ಬಳಿಯ ಚೀಲದಲ್ಲಿ ಒಂದು ವಾರದ ಮಾತ್ರೆಗಳು, ಔಷಧಿಗಳ ಪಟ್ಟಿ, ಕನ್ನಡಕ, ಒಳಉಡುಪು ಮತ್ತು ಅವರ ಇತ್ತೀಚಿನ ಫೋಟೋ ಇವೆ. ಹೆಸರು, ಫೋನ್ ನಂಬರ್ ಇರುವ ಬಳೆಯನ್ನು ಅವರು ಸದಾ ತೊಟ್ಟಿರುತ್ತಾರೆ, ಏಕೆಂದರೆ ಜನಸಂದಣಿಯಲ್ಲಿ ಕ್ಷಣಮಾತ್ರದಲ್ಲಿ ಅವರು ಎತ್ತಲೋ ನಡೆದುಬಿಡಬಹುದು. ಪಕ್ಕದ ಮನೆಯವರಿಗೂ ಕೀಲಿ ಕೊಟ್ಟು, ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಲು ಕಲಿಸಿದ್ದೇನೆ. ನನ್ನ ಮಟ್ಟಿಗೆ ಇದು ಚೀಲಕ್ಕಿಂತ ಮುಖ್ಯ.

ಮೊನ್ನೆ ಅಲಾರಂ ಮತ್ತೆ ಮೊಳಗಿದಾಗ ಅಮ್ಮ ಬೆಚ್ಚಿದರು. ಶಾಲನ್ನು ಹೆಗಲಿಗೆ ಹೊದಿಸಿದೊಡನೆ ಅವರೇ ನನ್ನ ಕೈ ಹಿಡಿದು ಮೆಟ್ಟಿಲಿನತ್ತ ಹೆಜ್ಜೆಯಿಟ್ಟರು.