ಹಿರಿಯೂರಿನಲ್ಲೂ ರಿಪೇರಿಯಾಗುವ ಕ್ಯಾಂಪರ್: ಪಿಕಪ್ಪಿಗೆ ನಾನು ಜೋಡಿಸಿದ್ದು, ಬಿಟ್ಟಿದ್ದು

ನಮ್ಮ ಡಬಲ್ ಕ್ಯಾಬ್ ಪಿಕಪ್ಪಿನ ಹಿಂದಿನ ಡೆಕ್ ಮೇಲೆ ಇಬ್ಬರು ಮಲಗುವಷ್ಟು ಡಬ್ಬ, ಅಂದರೆ ಕ್ಯಾಂಪರ್, ಕೂರಿಸಲು ಹೊರಟಾಗ ನಾನು ಹಾಕಿಕೊಂಡ ಷರತ್ತು ಒಂದೇ. ಕೆಡಬಹುದಾದ ಭಾಗ ಯಾವುದೇ ಇರಲಿ, ಅದಕ್ಕೆ ಬದಲಿ ಹಿರಿಯೂರಿನಂಥ ಸಣ್ಣ ಊರಿನಲ್ಲಿ ಸಿಗಬೇಕು, ಇಲ್ಲವೇ ಅದಿಲ್ಲದೆಯೂ ಎರಡು ರಾತ್ರಿ ಕಳೆಯುವಂತಿರಬೇಕು. ಆನ್‌ಲೈನಿನಲ್ಲಿ ಕ್ಯಾಂಪರ್‌ಗೆಂದೇ ಮಾರುವ ಚೆಂದದ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಈ ಷರತ್ತಿಗೇ ಉದುರಿಹೋದವು. ದುಡ್ಡೂ ಉಳಿಯಿತು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿನ್ಯಾಸವನ್ನು ನಮ್ಮಿಷ್ಟದಂತೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಹಾಗಾಗಿ ಚಾಸಿಗೆ ವೆಲ್ಡಿಂಗ್ ಇಲ್ಲ, ಗಾಡಿಯ ಬಾಡಿಯಲ್ಲಿ ತೂತಿಲ್ಲ. ಕಂಪನಿಯೇ ಕೊಟ್ಟಿರುವ ಕೊಂಡಿಗಳಿಗೆ ನಾಲ್ಕು ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಕ್ಕೆ) ಬಿಗಿದರೆ ಡಬ್ಬ ನಿಲ್ಲುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮಾಡಿಸುವವರು ಮುಂಗಡ ಕೊಡುವ ಮುಂಚೆ ತಮ್ಮ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇನ್ಶೂರೆನ್ಸ್‌ನವರ ಹತ್ತಿರವೂ ಮಾತಾಡಿ.

ಡಬ್ಬ ಮಾಡಿಸಿದ್ದು ಪೀಣ್ಯದಲ್ಲಿ. ಫ್ಯಾಬ್ರಿಕೇಶನ್ ಮೇಸ್ತ್ರಿ 18 ಎಂಎಂ ಪ್ಲೈವುಡ್, ಒಳಗೆ ಎರಡಿಂಚಿನ ಸ್ಕ್ವೇರ್ ಪೈಪ್ ಎಂದು ಲೆಕ್ಕ ಹಾಕಿಟ್ಟಿದ್ದರು.

"ಆನೆ ತುಳಿದ್ರೂ ಏನೂ ಆಗ್ಬಾರ್ದು ಸಾರ್, ಹಂಗ್ ಮಾಡ್ಕೊಡ್ತೀನಿ."

"ಆನೆ ವಿಷ್ಯ ಬಿಡಿ ಮೇಸ್ತ್ರಿ, ಗಾಡಿ ದಿಬ್ಬ ಹತ್ಬೇಕಲ್ಲ!"

ಎಂಟು ಅಡಿ ನಾಲ್ಕು ಅಡಿಯ 18 ಎಂಎಂ ಪ್ಲೈ ಹಲಗೆ ಒಂದೇ ಮೂವತ್ತು ಕಿಲೋ ದಾಟುತ್ತದೆ. ಅದಕ್ಕೆ ಪೈಪಿನ ತೂಕ ಸೇರಿಸಿ, ಬಿಸಿಲು ತಡೆಯಲು ಒಳಗೆ ಇನ್ನೊಂದು ಪದರ ಹಾಕಿ. ಕೊನೆಗೆ ಸೈಟ್ ಆಫೀಸು, ಕೋಲ್ಡ್ ಸ್ಟೋರೇಜ್‌ಗಳಿಗೆ ಬಳಸುವ 40 ಎಂಎಂ ಪಫ್ ಪ್ಯಾನೆಲ್‌ಗೆ, ಅಂದರೆ ಎರಡು ತೆಳು ತಗಡಿನ ನಡುವೆ ಫೋಮ್ ತುಂಬಿದ ಹಲಗೆಗೆ, ಇಬ್ಬರೂ ಒಪ್ಪಿದೆವು. ಚದರ ಮೀಟರಿಗೆ ಹತ್ತಿರ ಹತ್ತು ಕಿಲೋ. ಗೋಡೆ, ಸೂರು ಎಲ್ಲ ಸೇರಿ ನಮ್ಮದು ಸುಮಾರು 14 ಚದರ ಮೀಟರ್. ಶಾಖ ತಡೆಯುವ ಪದರ ಅದರಲ್ಲೇ ಇದೆ. ಒಂದು ದೋಷ, ಒಳಗಿನ ಫೋಮ್ ಬೆಂಕಿಗೆ ಆಗಿಬರುವುದಿಲ್ಲ. ಅದಕ್ಕೇ ನಮ್ಮ ಅಡುಗೆ ಪೂರ್ತಿ ಹೊರಗೆ, ಟೇಲ್‌ಗೇಟ್ ಮೇಲೆ ಎಳೆದುಕೊಳ್ಳುವ ಹಲಗೆಯಲ್ಲಿ. ಐದು ಕಿಲೋ ಸಿಲಿಂಡರಿನ ಗೂಡಿಗೂ ಬಾಗಿಲು ಹೊರಗಡೆಯೇ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಕೂರುತ್ತದೆ. ಆದ್ದರಿಂದ ಗೂಡಿನ ತಳದಲ್ಲೇ ಎರಡು ತೂತು ಬಿಡಿಸಿದ್ದೇನೆ. ಮೇಲ್ಗಡೆ ಜಾಲರಿ ಬಿಟ್ಟು ಪ್ರಯೋಜನವಿಲ್ಲ.

ಡಬ್ಬ ಕೂರಿಸಿದ ದಿನವೇ ಲಾರಿ ತೂಗುವ ಹತ್ತಿರದ ವೇ ಬ್ರಿಡ್ಜ್‌ಗೆ ಹೋದೆವು. ಫುಲ್ ಟ್ಯಾಂಕ್ ಡೀಸೆಲ್, ನೀರು ತುಂಬಿಸಿ, ನಾವಿಬ್ಬರೂ ಕೂತು. ಪೂರ್ತಿ ಗಾಡಿ ತೂಗಿದರಷ್ಟೇ ಸಾಲದು. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಇನ್ನೊಂದು ಚೀಟಿ ತೆಗೆದುಕೊಳ್ಳಬೇಕು. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಹೊರುತ್ತಿರುವ ಭಾರ. ಒಟ್ಟು ತೂಕ ಆರ್‌ಸಿಯಲ್ಲಿರುವ ಮಿತಿಯೊಳಗಿದ್ದು ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರುವುದು ಪಿಕಪ್‌ಗಳಲ್ಲಿ ಸಾಮಾನ್ಯ. ಆಗ ಮುಂಭಾಗ ಹಗುರಾಗಿ ಸ್ಟೇರಿಂಗ್ ತೇಲಿದಂತಾಗುತ್ತದೆ, ಬ್ರೇಕು ಹಿಡಿಯುವುದೂ ಬದಲಾಗುತ್ತದೆ. 60 ಲೀಟರ್ ನೀರೆಂದರೆ 60 ಕಿಲೋ. ಆ ಟ್ಯಾಂಕನ್ನು ಕ್ಯಾಬಿನ್ ಬೆನ್ನಿಗೆ ಅಂಟಿದಂತೆ ಕೆಳಗೆ ಇಟ್ಟಿದ್ದೇನೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಬ್ಯಾಟರಿಯೂ ಅದರ ಪಕ್ಕದಲ್ಲೇ. ಸೂರಿನ ಮೇಲೆ ಸೋಲಾರ್ ಪ್ಯಾನೆಲ್ ಬಿಟ್ಟರೆ ಏನೂ ಇಲ್ಲ. ಸ್ಟೆಪ್ನಿಯನ್ನು ಮೇಲೆ ಹಾಕಿಸಿ ಎಂದವರಿಗೆಲ್ಲ ಕೈಮುಗಿದಿದ್ದೇನೆ.

ನೀರಿನ ಪಂಪಿನ ಬಗ್ಗೆ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ. ಕ್ಯಾಂಪರ್‌ಗೆಂದು ಸಿಗುವ ಪಂಪುಗಳ ಬೆಲೆ ನೋಡಿ ಸುಮ್ಮನಾಗಿದ್ದೆ. ತೋಟದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುತ್ತಾರಲ್ಲ, ಆ ಬ್ಯಾಟರಿ ಸ್ಪ್ರೇಯರ್ ಒಳಗಿರುವುದೂ 12 ವೋಲ್ಟಿನ ಡಯಾಫ್ರಾಮ್ ಪಂಪೇ. ನಲ್ಲಿ ಮುಚ್ಚಿದರೆ ಒತ್ತಡ ಏರಿ ತಾನೇ ನಿಲ್ಲುತ್ತದೆ, ತೆರೆದರೆ ಓಡುತ್ತದೆ. ಇದರ ಬಿಡಿ ಮೋಟಾರು ಗೊಬ್ಬರ, ಔಷಧಿ ಮಾರುವ ಅಂಗಡಿಗಳಲ್ಲಿ ಹೋಬಳಿ ಮಟ್ಟದಲ್ಲೂ ಸಿಗುತ್ತದೆ. ಹೊಸ ಪಂಪನ್ನೇ ಕೊಳ್ಳಬೇಕು, ಔಷಧಿ ಮುಟ್ಟಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಕುಡಿಯುವ ನೀರಿಗೆ ನಾವು ಹೇಗೂ 20 ಲೀಟರ್ ಕ್ಯಾನ್ ಬೇರೆ ಇಟ್ಟುಕೊಳ್ಳುತ್ತೇವೆ. ಪಂಪಿನ ನೀರು ಪಾತ್ರೆಗೆ, ಸ್ನಾನಕ್ಕೆ.

ಇನ್ನು ಕರೆಂಟು. "ಎಷ್ಟು ವ್ಯಾಟ್ ಸೋಲಾರ್ ಹಾಕಿದ್ದೀರಿ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ವೈರ್ ಎಷ್ಟು ದಪ್ಪ ಎಂದು ಯಾರೂ ಕೇಳುವುದಿಲ್ಲ. 12 ವೋಲ್ಟಿನಲ್ಲಿ ನಿಜವಾದ ವಿಷಯ ಅದೇ. ನಮ್ಮ 40 ಲೀಟರ್ ಕಂಪ್ರೆಸರ್ ಫ್ರಿಜ್ ಬ್ಯಾಟರಿಯಿಂದ ವೈರ್ ಹೋಗುವ ದಾರಿಯಲ್ಲಿ ನಾಲ್ಕು ಮೀಟರ್ ದೂರ, ಹೋಗಿಬರುವ ವೈರ್ ಎಂಟು ಮೀಟರ್. ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಂತಿ ಎಳೆದರೆ 5 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಸುಮಾರು ಅರ್ಧ ವೋಲ್ಟ್ ಸೋರಿಹೋಗುತ್ತದೆ. 230 ವೋಲ್ಟಿನ ಮನೆಯಲ್ಲಿ ಅರ್ಧ ವೋಲ್ಟ್ ಲೆಕ್ಕಕ್ಕೇ ಇಲ್ಲ. ಇಲ್ಲಿ ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಆಂಪಿಯರ್ ಜಿಗಿದು ವೋಲ್ಟ್ ಇಳಿದರೆ ಫ್ರಿಜ್ ನಿಲ್ಲಿಸುವ ಲೋ ವೋಲ್ಟೇಜ್ ಕಟಾಫ್ ಬೀಳಬಹುದು, ಬ್ಯಾಟರಿಯಲ್ಲಿ ಚಾರ್ಜ್ ಉಳಿದಿದ್ದರೂ ಹಾಲು ಒಡೆಯುತ್ತದೆ. 4 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.2 ವೋಲ್ಟಿಗಿಂತ ಕಡಿಮೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಬೆಲೆಯ ವ್ಯತ್ಯಾಸ ಊಟದ ಬಿಲ್ಲಿನಷ್ಟು. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್, ಅಲ್ಲಿಂದ ಮುಂದೆ ಪ್ರತಿ ಲೈನಿಗೂ ಮಾಮೂಲಿ ಕಾರಿನ ಬ್ಲೇಡ್ ಫ್ಯೂಸ್. ಇದು ಯಾವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬೇಕಾದರೂ ಸಿಗುತ್ತದೆ.

ಬ್ಯಾಟರಿ 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, ಅಂದರೆ 1,280 ವ್ಯಾಟ್ ಅವರ್, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹತ್ತಿರ ಒಂದೂಕಾಲು ಯೂನಿಟ್. ಷರತ್ತಿಗೆ ಹೊರತಾದದ್ದು ಇದೊಂದೇ, ಹಿರಿಯೂರಿನಲ್ಲಿ ಕೈಗೆ ಸಿಗುವುದು ಲೆಡ್ ಆಸಿಡ್. ಆದರೆ ಲೆಡ್ ಆಸಿಡ್ಡನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಆಯಸ್ಸು ಕುಗ್ಗುತ್ತದೆ, ತೂಕವೂ ಎರಡು ಪಟ್ಟಿಗಿಂತ ಹೆಚ್ಚು. ತೂಕದ ಮುಂದೆ ಸೋತೆ ಎನ್ನಿ. ಈ ಬ್ಯಾಟರಿಗೆ ವೋಲ್ಟ್ ಮೀಟರ್ ನಂಬಿ ಕೂರಬಾರದು. ತೊಂಬತ್ತು ಪರ್ಸೆಂಟಿನಿಂದ ನಲವತ್ತರವರೆಗೂ 13.2ರ ಆಸುಪಾಸಿನಲ್ಲೇ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ಇಳಿಯುತ್ತದೆ. ಒಳಹೋದ, ಹೊರಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಬೇಕೇ ಬೇಕು.

ಖರ್ಚಿನ ಲೆಕ್ಕ ಹೀಗೆ: ಫ್ರಿಜ್ ಓಡುವಾಗ 45 ವ್ಯಾಟ್, ಏಪ್ರಿಲ್ ಸೆಕೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆಂದರೆ 540 ವ್ಯಾಟ್ ಅವರ್. ರಾತ್ರಿಯಿಡೀ ಫ್ಯಾನ್ ನೂರಿಪ್ಪತ್ತು. ಲೈಟು, ಮೊಬೈಲು ಸುಮಾರು ಅರವತ್ತು. ಅಲ್ಲಿಗೆ ದಿನಕ್ಕೆ 700 ಚಿಲ್ಲರೆ. ಇಂಡಕ್ಷನ್ ಒಲೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. 2,000 ವ್ಯಾಟ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 160 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಇನ್ವರ್ಟರ್ ಒಂದಿದೆ, ಚಿಕ್ಕದು, ಬಹುಪಾಲು ಆಫ್. ಲ್ಯಾಪ್‌ಟಾಪ್‌ಗೆ ಕಾರಿನ ಟೈಪ್ ಸಿ ಚಾರ್ಜರ್ ಸಾಕು.

ತುಂಬಿಸುವುದು ಮೂರು ದಾರಿಯಲ್ಲಿ. ಅತ್ಯಂತ ನಂಬಿಕಸ್ತ ದಾರಿ ಇಂಜಿನ್ನೇ. ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ಲಿಥಿಯಂ ಬ್ಯಾಟರಿಗೆ ನೇರ ಜೋಡಿಸಿದರೆ ಬ್ಯಾಟರಿ ಸಿಕ್ಕಷ್ಟೂ ಆಂಪಿಯರ್ ಹೀರಿ ಆಲ್ಟರ್ನೇಟರ್ ಕಾಯಿಸುತ್ತದೆ. ಅದಕ್ಕೆ ಮಿತಿ ಹಾಕಲು ನಡುವೆ 20 ಆಂಪಿಯರ್‌ನ ಡಿಸಿ ಟು ಡಿಸಿ ಚಾರ್ಜರ್ ಇರಬೇಕು. ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್, ಮೂರು ಗಂಟೆ ಓಡಿಸಿದರೆ 700ಕ್ಕೂ ಹೆಚ್ಚು ವ್ಯಾಟ್ ಅವರ್ ಒಳಗೆ ಬಂದಿರುತ್ತದೆ. ಒಂದು ದಿನದ ಖರ್ಚು ದಾರಿಯಲ್ಲೇ ಹುಟ್ಟಿತು.

ಎರಡನೆಯದು ಸೂರಿನ ಮೇಲಿನ 160 ವ್ಯಾಟ್ ಪ್ಯಾನೆಲ್. ಒಳ್ಳೆಯ ಬಿಸಿಲಿನ ದಿನ 550ರ ಆಸುಪಾಸು ಕೊಡುತ್ತದೆ. ತಾಪತ್ರಯ ಏನೆಂದರೆ, ವಾಣಿವಿಲಾಸ ಸಾಗರದ ಕಡೆ, ನಮ್ಮ ಪರಿಚಯದವರ ತೋಟದಲ್ಲಿ ನಿಲ್ಲಿಸುವಾಗ ಯಾರಾದರೂ ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಾರೋ, ಬಿಸಿಲಿನಲ್ಲೋ? ಮರದ ಕೆಳಗೇ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ದಡಕ್ಕನೆ ಬೀಳುತ್ತದೆ. ಹೀಗಾಗಿ ಮೂರನೆಯದು, ಮಡಚುವ 100 ವ್ಯಾಟ್ ಪ್ಯಾನೆಲ್, ಹತ್ತು ಮೀಟರ್ ಕೇಬಲ್. ಗಾಡಿ ನೆರಳಿನಲ್ಲಿ, ಪ್ಯಾನೆಲ್ ಬದುವಿನ ಮೇಲೆ. ಸೂರ್ಯ ಸರಿದಂತೆ ತಿರುಗಿಸುವ ಕೆಲಸ ನನ್ನ ಹೆಂಡತಿ ವಹಿಸಿಕೊಂಡಿದ್ದಾಳೆ, ಮೀಟರಿನಲ್ಲಿ ಅಂಕಿ ಏರುವುದು ನೋಡಲು ಅವಳಿಗೆ ಖುಷಿ. ಮೊದಲೇ ಗೊತ್ತಿದ್ದರೆ ಸೂರಿನದಕ್ಕಿಂತ ಮುಂಚೆ ಇದನ್ನೇ ಕೊಳ್ಳುತ್ತಿದ್ದೆ.

"ತೋಟದಲ್ಲೇ ಕರೆಂಟ್ ಇದ್ಯಲ್ಲ, ಎಳ್ಕೊಳಿ ಸ್ವಾಮಿ" ಎನ್ನುತ್ತಾರೆ ಅಲ್ಲಿನವರು. ಪಂಪ್‌ಸೆಟ್ ಲೈನಿನ ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆಂದು ಅವರೇ ಕಾದು ಕೂತಿರುತ್ತಾರೆ, ಅದಕ್ಕೆ ನಮ್ಮ ಫ್ರಿಜ್ ಬೇರೆ ಯಾಕೆ?

ಕಾಡಿನಂಚಿನಲ್ಲಿ ನಿಲ್ಲಿಸುವ ಆಸೆ ಇರುವವರಿಗೆ: ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ತಂಗುವಂತಿಲ್ಲ, ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರ ಗಾಡಿ ಬಿಡುವುದಿಲ್ಲ. ಗೊತ್ತಿರುವವರ ಜಮೀನು ಎಲ್ಲಕ್ಕಿಂತ ಸಲೀಸು.

ಟಾಯ್ಲೆಟ್ ಬಗ್ಗೆ ಕೇಳಲು ಜನ ನಾಚುತ್ತಾರೆ, ಆದರೆ ಕೇಳಿಯೇ ಕೇಳುತ್ತಾರೆ. ಬಿಗಿ ಮುಚ್ಚಳದ 20 ಲೀಟರ್ ಬಕೆಟ್, ಅದಕ್ಕೊಂದು ಸೀಟು, ಒಂದು ಚೀಲ ಕೋಕೋಪೀಟ್. ಪ್ರತಿ ಸಲ ಎರಡು ಹಿಡಿ ಹಾಕಿದರೆ ವಾಸನೆ ಬರುವುದಿಲ್ಲ. ನರ್ಸರಿಗಳಲ್ಲಿ ಇಟ್ಟಿಗೆ ರೂಪದಲ್ಲಿ ಸಿಗುತ್ತದೆ. ನೀರಿನಲ್ಲಿ ಅರಳಿಸಿ, ಚೆನ್ನಾಗಿ ಒಣಗಿಸಿ ಬಳಸಬೇಕು, ಒದ್ದೆಯಿದ್ದರೆ ಕೆಲಸ ಮಾಡುವುದಿಲ್ಲ. ಕೆಳಗಿನ ಡಬ್ಬಿ ಎಳೆದು ತೆಗೆಯುವ ರಾಸಾಯನಿಕದ ಕ್ಯಾಸೆಟ್ ಟಾಯ್ಲೆಟ್ಟನ್ನು ಖಾಲಿ ಮಾಡಲು ನಮ್ಮ ಹೆದ್ದಾರಿಗಳಲ್ಲಿ ಜಾಗ ಹುಡುಕುವುದಕ್ಕಿಂತ ಇದು ವಾಸಿ.

ಸದ್ಯ ಉಳಿದಿರುವುದು ಪಕ್ಕಕ್ಕೆ ಚಾಚುವ ಮರೆ. ರೆಡಿಮೇಡ್ ಆವ್ನಿಂಗ್ ಹತ್ತಿರ ಹದಿನೈದು ಕಿಲೋ ತೂಗುತ್ತದೆ, ಅದೂ ಸೂರಿನ ಒಂದೇ ಪಕ್ಕದಲ್ಲಿ. ಲಾರಿಯವರು ಹೊದಿಸುವ ಟಾರ್ಪಾಲಿನ್ನಿಗೆ ಹಿತ್ತಾಳೆ ರಿಂಗ್ ಹೊಡೆಸಿ ಎರಡು ಅಲ್ಯೂಮಿನಿಯಂ ಪೈಪ್ ಕೊಟ್ಟರೆ ಮೂರು ನಾಲ್ಕು ಕಿಲೋದಲ್ಲಿ ಮುಗಿಯುತ್ತದೆ ಎಂಬುದು ಮೇಸ್ತ್ರಿ ಲೆಕ್ಕ. ಆನೆ ತುಳಿದರೆ ನಿಲ್ಲುವುದಿಲ್ಲವಂತೆ, ಅದನ್ನೂ ಅವರೇ ಹೇಳಿದ್ದಾರೆ. ಮಳೆಗಾಲಕ್ಕೆ ಮುಂಚೆ ಮಾಡಿಸಬೇಕು.