ಶಿಕಾರಿ ಕಾರಿನ ಜಾಡು ಹಿಡಿಯುವುದು ಹೀಗೆ

ಕೊಡಗಿನ ಹಳೆಯ ಮನೆಗಳ ಗೋಡೆಯಲ್ಲಿ ಕೋವಿ, ಕೊಂಬು, ಮದುವೆಯ ಗುಂಪುಚಿತ್ರಗಳ ನಡುವೆ ಒಂದು ಕಾರಿನ ಫೋಟೊ ಕೂಡ ಇರುವುದುಂಟು. ಅಮ್ಮತ್ತಿ ಕಡೆಯ ಸ್ನೇಹಿತರ ಮನೆಯಲ್ಲಿ ನಾನು ಕಂಡ ಕಾರು ವಿಚಿತ್ರವಾಗಿತ್ತು. ಮುಂಭಾಗ ಫೋರ್ಡ್, ಹಿಂಭಾಗ ಬೀಟೆ ಮರದ ಪೆಟ್ಟಿಗೆ, ಪಕ್ಕದಲ್ಲಿ ಕೋವಿ ನಿಲ್ಲಿಸುವ ಗೂಡು. ಶಿಕಾರಿಗೆಂದು ಆ ಮನೆಯ ಅಜ್ಜ ಊರಿನ ಆಚಾರಿಯಿಂದಲೇ ಕಟ್ಟಿಸಿದ್ದು. ಆಮೇಲೆ ಏನಾಯಿತು ಎಂದು ಕೇಳಿದರೆ ಮನೆಯಲ್ಲಿ ನಾಲ್ಕು ಜನ, ನಾಲ್ಕು ಉತ್ತರ: ಗುಜರಿಗೆ ಹೋಯಿತು, ಮೈಸೂರಿನ ಯಾರೋ ಕೊಂಡರು, ಸಿನಿಮಾದವರು ಒಯ್ದರು, ಹೊಳೆಗೆ ಬಿತ್ತು.

ಒಂದು ವರ್ಷದ ಭಾನುವಾರಗಳನ್ನು ಅದಕ್ಕೇ ಕೊಟ್ಟೆ. ಇಂಥ ಕಾರನ್ನು ಇಡಿಯಾಗಿ ಹುಡುಕಲು ಹೊರಟರೆ ಬರಿಗೈಯಲ್ಲಿ ಬರುತ್ತೀರಿ. ಆಸ್ತಿಯಂತೆ ಅದೂ ಪಾಲಾಗಿರುತ್ತದೆ. ಒಂದೊಂದು ಪಾಲನ್ನೂ ಬೇರೆಬೇರೆಯಾಗಿ ಹುಡುಕಬೇಕು.

ಮೊದಲು ಫೋಟೊ ಓದಿ

ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ ಇದ್ದರೆ ಅದೇ ಒಂದು ಸುಳಿವು. ಆಚಾರಿ ಬದಲಿಸಿದ ಭಾಗಗಳನ್ನು ಬದಿಗಿಟ್ಟು, ಬದಲಿಸದ ಭಾಗಗಳನ್ನು ನೋಡಿ: ರೇಡಿಯೇಟರ್ ಜಾಲರಿ, ಬಾನೆಟ್ಟಿನ ಗಾಳಿಸೀಳುಗಳು, ಚಕ್ರಗಳು. 1935ರ ಫೋರ್ಡ್ ವಿ8ಗೆ (ಎಂಟು ಸಿಲಿಂಡರ್ ಇಂಜಿನ್ನಿನ ಕಾರು) ತಂತಿ ಕಡ್ಡಿಗಳ ಚಕ್ರ, 1936ರಿಂದ ತಗಡಿನ ಚಕ್ರ. ನಮ್ಮ ಫೋಟೊದಲ್ಲಿ ಕಡ್ಡಿಗಳು ಸ್ಪಷ್ಟವಾಗಿದ್ದವು. ಮನೆಯವರು ಎರಡನೇ ಮಹಾಯುದ್ಧದ ಕಾಲದ ಕಾರು ಎನ್ನುತ್ತಿದ್ದರು. ಅದು ಅದಕ್ಕಿಂತ ಹಳೆಯದು.

ಹಿಂದೆ ಡ್ರಮ್ಮಿನಂಥದ್ದೇನಾದರೂ ಕಂಡರೆ ಗೊಂದಲ ಬೇಡ. ಯುದ್ಧಕಾಲದ ಪೆಟ್ರೋಲ್ ರೇಷನ್ನಿನಲ್ಲಿ ಇದ್ದಿಲಿನ ಗ್ಯಾಸ್ ಉಪಕರಣ ಕಟ್ಟಿಕೊಂಡು ಓಡಿದ ವಾಹನಗಳು ಬಹಳ.

ಮಾಲೀಕರಿಗಿಂತ ಚಾಲಕರು ಮೇಲು

ಮಾಲೀಕರ ಮೊಮ್ಮಕ್ಕಳಿಗೆ ಕಾರಿನ ಗತ್ತು ಗೊತ್ತು, ಗತಿ ಗೊತ್ತಿಲ್ಲ. ಚಾಲಕರ ಮಕ್ಕಳು, ತೋಟದ ಲೆಕ್ಕ ಬರೆಯುವ ಹಳೆಯ ರೈಟರ್‌ಗಳು, ಗೋಣಿಕೊಪ್ಪಲು, ವಿರಾಜಪೇಟೆಯ ಹಿರಿಯ ಮೆಕ್ಯಾನಿಕ್‌ಗಳು, ಕಮ್ಮಾರರನ್ನು ಹುಡುಕಿ. "ಆ ಕಾರು ಎಲ್ಲಿ?" ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. "ಅದರ ಟೈರ್ ಯಾರು ಒಯ್ದರು? ಇಂಜಿನ್ ಯಾವ ತೋಟಕ್ಕೆ ಹೋಯಿತು?" ಎಂದು ಕೇಳಿ. ವರ್ಷ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಮುಂಚೆಯೋ ಆಮೇಲೆಯೋ ಎಂದರೆ ಉತ್ತರ ಸಿಗುತ್ತದೆ.

ಸಿದ್ದಾಪುರದ ಹತ್ತಿರ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದ ಒಬ್ಬ ಹಿರಿಯರು ಚಹಾ ಕೊಟ್ಟು, ಬಹಳ ಹೊತ್ತು ಮಳೆಯ ಮಾತಾಡಿ, ಹೊರಡುವಾಗ ಅಂದರು: "ಕಾರಿನ ವಿಷಯ ನನಗೆ ತಿಳಿಯದು ಸ್ವಾಮಿ. ಅದರ ಎರಡು ಚಕ್ರ ಮಾತ್ರ ನಮ್ಮ ಎತ್ತಿನ ಗಾಡಿಗೆ ಹಾಕಿದ್ದೆವು." ಹುಡುಕಾಟ ನಿಜವಾಗಿ ಶುರುವಾದದ್ದು ಅಲ್ಲಿಂದ. ಆದ್ದರಿಂದ ಹೊರಡುವ ಹೊತ್ತಿನ ಮಾತಿಗೂ ಸ್ವಲ್ಪ ಸಮಯ ಇಟ್ಟುಕೊಂಡೇ ಹೋಗಿ.

ಕಚೇರಿಯ ಕಡತ

ನಂಬರ್ ಪ್ಲೇಟ್ ಓದಲು ಬಂದರೆ ಅದೃಷ್ಟ. ಮಡಿಕೇರಿಯ ಕೆಎ 12 ಸರಣಿ ತೀರಾ ಈಚಿನದು. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ. ಹೀಗಾಗಿ 'ಎಂವೈ' ಎಂದಿದ್ದರೆ ಮೈಸೂರಿನ ನೋಂದಣಿ, 'ಎಂಎಸ್' ಎಂದಿದ್ದರೆ ಮದ್ರಾಸಿನದು. ಮಂಗಳೂರು, ತಲಶ್ಶೇರಿ ಎರಡೂ ಆಗ ಮದ್ರಾಸಿಗೇ ಸೇರಿದ್ದವು. ಇಷ್ಟು ಹಳೆಯ ಸಂಖ್ಯೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಹಾಕಿ, ಏನೂ ಬರಲಿಲ್ಲವೆಂದು ನಿರಾಶರಾಗಬೇಡಿ. ಮಾಹಿತಿ ಹಕ್ಕು ಅರ್ಜಿ ಬರೆಯಿರಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. ನಾನು ಮೊದಲ ಅರ್ಜಿಯಲ್ಲಿ ಅಜ್ಜನ ಶಿಕಾರಿಯ ಕಥೆಯನ್ನೂ ಸೇರಿಸಿದ್ದೆ. ಅದು ಹಾಗೆಯೇ ವಾಪಸ್ ಬಂತು. ಮಾಲೀಕರ ಹೆಸರು, ವಿಳಾಸ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬಹುದು. ಆದ್ದರಿಂದ ನೋಂದಣಿ ರದ್ದಾಗಿದೆಯೇ, ಬೇರೆ ಕಚೇರಿಗೆ ವರ್ಗವಾಗಿದೆಯೇ ಎಂದಷ್ಟೇ ಕೇಳಿ.

ಕಡತಕ್ಕಿಂತ ಮನೆಯ ಕಬ್ಬಿಣದ ಪೆಟ್ಟಿಗೆಯೇ ಎಷ್ಟೋ ಸಲ ಹೆಚ್ಚು ಕೊಡುತ್ತದೆ. ವಿಮೆಯ ರಸೀದಿ, ತೆರಿಗೆ ಚೀಟಿ, ತೋಟದ ಲೆಕ್ಕಪುಸ್ತಕ, ಯಾವುದನ್ನೂ ಬಿಡಬೇಡಿ. ನಮಗೆ ಚಾಸಿಸ್ (ಕಾರಿನ ಕೆಳಚೌಕಟ್ಟು) ಸಂಖ್ಯೆ ಸಿಕ್ಕಿದ್ದು ಒಂದು ತೆರಿಗೆ ಚೀಟಿಯಲ್ಲಿ.

ಕಬ್ಬಿಣದ ಮೇಲಿನ ಅಂಕಿ

ಇಲ್ಲಿ ನಾನು ಎಡವಿದೆ. ಪೊಲಿಬೆಟ್ಟದ ಹತ್ತಿರದ ಒಂದು ತೋಟದ ಪಲ್ಪಿಂಗ್ ಮನೆಯಲ್ಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಹಳೆಯ ವಿ8 ಇಂಜಿನ್ ಇತ್ತು. ಅರ್ಧ ದಿನ ಅದರ ಮೈಯೆಲ್ಲ ಉಜ್ಜಿ ಸಂಖ್ಯೆ ಹುಡುಕಿದೆ. ಆ ಕಾಲದ ಫೋರ್ಡ್ ವಿ8 ಇಂಜಿನ್ನಿನ ಬ್ಲಾಕಿನ ಮೇಲೆ ಸಂಖ್ಯೆಯೇ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು. ಕ್ಲಚ್ ಕವಚದ ಮೇಲ್ಭಾಗದಲ್ಲೂ ಚಾಸಿಸ್ಸಿನ ಎಡ ಪಟ್ಟಿಯಲ್ಲೂ ಒಂದೇ ಸಂಖ್ಯೆಯನ್ನು ಒತ್ತುತ್ತಿದ್ದರು. ಆ ಕವಚವೂ ಸೇರಿ ಗೇರ್‌ಬಾಕ್ಸ್ ಬೇರೆಯಾದರೆ ಇಂಜಿನ್ ಅನಾಥ.

ಆದರೂ ಅದರ ವಯಸ್ಸು ಅಳೆಯಬಹುದು. ಒಂದು ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳ) ಬೋಲ್ಟ್‌ಗಳನ್ನು ಎಣಿಸಿ. 21 ಇದ್ದರೆ 1938ರವರೆಗಿನದು, 24 ಇದ್ದರೆ 1938ರದ್ದು ಅಥವಾ ಆಮೇಲಿನದು. ನೀರಿನ ಪಂಪ್‌ಗಳು ಹೆಡ್ಡಿನ ಮೇಲೆ ಇದ್ದರೆ 1937ಕ್ಕಿಂತ ಹಿಂದಿನದು. ಆ ಇಂಜಿನ್ನಿನಲ್ಲಿ 21 ಬೋಲ್ಟ್, ಪಂಪ್ ಹೆಡ್ಡಿನಲ್ಲೇ. ಫೋಟೊದ ಕಾರಿಗೆ ಹೊಂದುತ್ತದೆ, ಆದರೆ ಅದೇ ಎಂದು ಹೇಳಲು ಅಷ್ಟು ಸಾಲದು.

ಸಂಖ್ಯೆ ಇರುವ ಜಾಗ ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ ಮತ್ತು ಮೃದುವಾದ ಬ್ರಷ್ ಸಾಕು. ಗ್ರೈಂಡರ್ ಹಚ್ಚಿದರೆ ತುಕ್ಕಿನ ಜತೆ ಸಾಕ್ಷಿಯೂ ಹೋಗುತ್ತದೆ. ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

ಬೇರೆ ಕಂಪನಿಯ ಕಾರಾದರೆ ದಾರಿ ಬೇರೆ. ಬ್ರಿಟಿಷ್ ಆಸ್ಟಿನ್, ಮಾರಿಸ್‌ಗಳಿಗೆ ಇಂಗ್ಲೆಂಡಿನ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ದಾಖಲೆ ಉಳಿದಷ್ಟರ ಮಟ್ಟಿಗೆ ಪ್ರಮಾಣಪತ್ರ ಕೊಡುತ್ತದೆ. ದೊಡ್ಡ ಬಾಡಿ ಕಟ್ಟುವವರ ಹಿತ್ತಾಳೆ ಫಲಕ ಸಾಮಾನ್ಯವಾಗಿ ಬಾಗಿಲ ಹೊಸ್ತಿಲಲ್ಲಿ ಇರುತ್ತದೆ. ಮದ್ರಾಸಿನ ಸಿಂಪ್ಸನ್‌ನಂಥ ಹೆಸರು ಕಂಡರೆ ಬೆರಗಾಗಬೇಡಿ. ಹೆಸರುವಾಸಿ ಕಾರಾದರೆ ಮಾತ್ರ ಮ್ಯೂಸಿಯಂಗಳನ್ನು ನೋಡಿ. 1910ರಲ್ಲಿ ಕೊಲ್ಕತ್ತದ ಆಂಗ್ಲ ಶ್ರೀಮಂತನೊಬ್ಬನಿಗಾಗಿ ಹಂಸದ ಆಕಾರದಲ್ಲಿ ಕಟ್ಟಿದ ಬ್ರೂಕ್ ಕಾರು ಪಂಜಾಬಿನ ನಾಭಾ ಅರಮನೆ ಸೇರಿ, ಈಗ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ. ನಮ್ಮ ಹತ್ತಿರದಲ್ಲಿ ಧರ್ಮಸ್ಥಳದ ಸಂಗ್ರಹವನ್ನು ಒಮ್ಮೆ ನೋಡಿ ಬನ್ನಿ, ಕಣ್ಣು ಪಳಗುತ್ತದೆ.

ಸಿಕ್ಕರೆ

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಸಂಖ್ಯೆಯಲ್ಲಿ 'ವಿಎ' ಇರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆಚಾರಿ ಕಟ್ಟಿದ ಬಾಡಿ ಮೂಲರೂಪವೇ ಎಂಬ ಪ್ರಶ್ನೆ ಎದ್ದರೆ ಗೋಡೆಯ ಫೋಟೊವನ್ನೂ ಹಳೆಯ ಆರ್‌ಸಿಯನ್ನೂ ಮುಂದಿಡಬೇಕಾಗುತ್ತದೆ. ಹಣ ಕೊಡುವ ಮುನ್ನ ಪೆನ್ಸಿಲ್ ಪ್ರಿಂಟನ್ನು ಕಾಗದಪತ್ರದ ಜತೆ ಹೋಲಿಸಿ ನೋಡಿ.

ನಮ್ಮ ಕಾರಿಗೆ ಆ ಯೋಗ ಬರಲಿಲ್ಲ. ಚಾಸಿಸ್ ಟ್ರ್ಯಾಕ್ಟರ್ ಟ್ರೈಲರ್ ಆಗಿ ಬಾಣೆಯೊಂದರ (ಗದ್ದೆಗೆ ಸೇರಿದ ಕಾಡು ಜಾಗ) ಪಕ್ಕದಲ್ಲಿ ನಿಂತಿತ್ತು. ಎಡ ಪಟ್ಟಿಯ ಕೊನೆಯ ನಾಲ್ಕು ಅಂಕಿಗಳು ತೆರಿಗೆ ಚೀಟಿಗೆ ತಾಳೆಯಾದವು. ಆ ಮನೆಯವರು ಹಿತ್ತಲಿನ ಕೋಳಿಗೂಡನ್ನೂ ತೋರಿಸಿದರು. ಅದರ ಬಾಗಿಲು ಬೀಟೆಯದು, ಫೋರ್ಡಿನ ಹಿಡಿ ಇನ್ನೂ ಇತ್ತು. ತಿರುಗಿಸಿದೆ. ಟಕ್ ಎಂದು ತೆರೆದುಕೊಂಡಿತು, ಎರಡು ಕೋಳಿ ಹೊರಗೆ ಓಡಿದವು.