ಸಂಶ್ಲೇಷಿತ ಸುಗಂಧ: ಕಲಿಕೆಯನ್ನು ಆರಂಭಿಸುವ ಬಗೆ

ಸುಗಂಧ ರಚನೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಬಯಸುವವರು ಮೊದಲು ಬಿಡಬೇಕಾದದ್ದು, ಸಂಶ್ಲೇಷಿತ, ಅಂದರೆ ರಾಸಾಯನಿಕವಾಗಿ ತಯಾರಿಸಿದ, ಪರಿಮಳವೆಂದರೆ ಹೂವಿನ ಅಗ್ಗದ ನಕಲು ಎಂಬ ನಂಬಿಕೆ. ರಸಾಯನಶಾಸ್ತ್ರಜ್ಞ ವಿಲಿಯಂ ಹೆನ್ರಿ ಪರ್ಕಿನ್ 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ, ಒಣಹುಲ್ಲಿನ ವಾಸನೆಯ ಕೂಮರಿನ್ ಅನ್ನು ಬಳಸಿ, ಪಾಲ್ ಪಾರ್ಕೆ 1882ರಲ್ಲಿ ಫ್ರಾನ್ಸಿನ ಹೂಬಿಗಾಂ ಸುಗಂಧ ಸಂಸ್ಥೆಗಾಗಿ ರೂಪಿಸಿದ ‘ಫೂಜೇರ್ ರಾಯಾಲ್’ ಎಂಬ ಸುಗಂಧ ಜರೀಗಿಡದ ಹೆಸರನ್ನು ಹೊತ್ತಿತ್ತು. ಜರೀಗಿಡಕ್ಕಾದರೋ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಇಂದಿಗೂ ಗಂಡಸರ ಸೋಪು, ಶೇವಿಂಗ್ ಕ್ರೀಮುಗಳಲ್ಲಿ ಈ ಕಲ್ಪಿತ ಜರೀಗಿಡದ ವಾಸನೆಯೇ ಉಳಿದುಕೊಂಡಿದೆ.

ಹತ್ತು ಪದಾರ್ಥಗಳಿಗಿಂತ ಹೆಚ್ಚನ್ನು ಆರಂಭದಲ್ಲಿ ಕೊಳ್ಳಬೇಡಿ. ಕೂಮರಿನ್, ವೆನಿಲಿನ್, ಲಿನಲೂಲ್, ಲಿನಲೈಲ್ ಅಸಿಟೇಟ್, ಹೆಡಿಯೋನ್, ಐಸೋ ಈ ಸೂಪರ್, ಬೀಟಾ ಅಯಾನೋನ್, ಗ್ಯಾಲಕ್ಸೊಲೈಡ್, ಎವರ್ನಿಲ್, ಶ್ರೀಗಂಧದ ವಾಸನೆಯ ಜವನಾಲ್ ಇಷ್ಟಿದ್ದರೆ ತಿಂಗಳುಗಳ ಕೆಲಸವಿದೆ. ಇವುಗಳ ಜೊತೆಗೆ 0.01 ಗ್ರಾಂ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ವಾಸನೆ ನೋಡುವ ಕಾಗದದ ಪಟ್ಟಿಗಳು ಮತ್ತು ಸುಗಂಧದ ಕೆಲಸಕ್ಕೆಂದೇ ಅಧಿಕೃತವಾಗಿ ಮಾರುವ ಈಥೈಲ್ ಆಲ್ಕೋಹಾಲ್ ಬೇಕು. ಮೆಥನಾಲ್ ಬೆರೆತ ಸ್ಪಿರಿಟ್ಟನ್ನು ಯಾವ ಕಾರಣಕ್ಕೂ ಬಳಸಕೂಡದು.

ಒಂದು ಗ್ರಾಂ ಪದಾರ್ಥಕ್ಕೆ ಒಂಬತ್ತು ಗ್ರಾಂ ಆಲ್ಕೋಹಾಲ್ ಸೇರಿಸಿ ಶೇ. 10ರ ದ್ರಾವಣ ಮಾಡಿಕೊಳ್ಳಿ. ಜವನಾಲ್ ಬಹಳ ಪ್ರಬಲವಾದ್ದರಿಂದ ಅದಕ್ಕೆ ಶೇ. 1 ಸಾಕು. ಹನಿಗಳನ್ನು ಎಣಿಸುವ ಅಭ್ಯಾಸ ಬೇಡ, ಏಕೆಂದರೆ ಒಂದೊಂದು ದ್ರವದ ಹನಿಯ ತೂಕ ಒಂದೊಂದು ಬಗೆ. ಪಟ್ಟಿಯ ಮೇಲೆ ಹೆಸರು, ಹೊತ್ತು ಬರೆದು, ಅದ್ದಿದ ಕೂಡಲೇ, ಒಂದು ತಾಸಿನ ನಂತರ ಮತ್ತು ಮರುದಿನ ಮೂಸಿ, ಅನಿಸಿದ್ದನ್ನು ನಿಮ್ಮದೇ ಮಾತಿನಲ್ಲಿ ದಾಖಲಿಸಿ. ಲಿನಲೂಲ್ ಬೇಗ ಹಾರಿಹೋಗುತ್ತದೆ. ಕೂಮರಿನ್ ದಿನಗಟ್ಟಲೆ ನಿಲ್ಲುತ್ತದೆ. ಜವನಾಲ್ ಪಟ್ಟಿಯ ಪಕ್ಕದಲ್ಲಿ ಮೈಸೂರಿನ ಗಂಧದೆಣ್ಣೆಯ ಪಟ್ಟಿಯನ್ನಿಟ್ಟು ನೋಡಿದರೆ, ಒಂದೇ ಅಣು ಮಾಡಬಲ್ಲದ್ದೇನು, ಹಲವು ಅಣುಗಳ ಎಣ್ಣೆ ಮಾತ್ರ ಕೊಡಬಲ್ಲದ್ದೇನು ಎಂಬುದು ತಿಳಿಯುತ್ತದೆ. ವಂಶವಾಹಿಯ ವ್ಯತ್ಯಾಸದಿಂದಾಗಿ ಬೀಟಾ ಅಯಾನೋನ್ ಕೆಲವರ ಮೂಗಿಗೆ ತಾಕುವುದೇ ಇಲ್ಲ. ಗ್ಯಾಲಕ್ಸೊಲೈಡ್‌ನಂಥ ಕಸ್ತೂರಿ ವಾಸನೆಗಳಲ್ಲೂ ಹೀಗಾಗುವುದುಂಟು. ಇದು ಅನರ್ಹತೆಯಲ್ಲ, ಆದರೆ ತನ್ನ ಮೂಗಿನ ಕುರುಡನ್ನು ಅರಿಯದವನು ಆ ಪದಾರ್ಥವನ್ನು ಅಳತೆ ಮೀರಿ ಸುರಿಯುತ್ತಾನೆ.

ಇನ್ನು ಬೆರೆಸುವ ಕೆಲಸ. ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್‌ಗಳ ದ್ರಾವಣಗಳನ್ನು ಸಮನಾಗಿ ಕೂಡಿಸಿದರೆ ಲ್ಯಾವೆಂಡರ್‌ನ ಅಸ್ಥಿಪಂಜರ ಸಿಗುತ್ತದೆ. ಇದಕ್ಕೆ ಕೂಮರಿನ್ ದ್ರಾವಣವನ್ನು 9:1, 7:3, 5:5, 3:7, 1:9 ಪ್ರಮಾಣಗಳಲ್ಲಿ ಸೇರಿಸಿ ಐದು ಶೀಶೆಗಳನ್ನು ಮಾಡಿ, ಒಂದು ದಿನ ಬಿಟ್ಟು ಮೂಸಿ. ಫ್ರಾನ್ಸಿನ ಸುಗಂಧ ನಗರಿ ಗ್ರಾಸ್‌ನಲ್ಲಿ ಸುಗಂಧ ರಚನೆಕಾರ ಜಾಂ ಕಾರ್ಲ್ ಕಲಿಸುತ್ತಿದ್ದದ್ದೂ ಹೀಗೆ ಪ್ರಮಾಣಗಳನ್ನು ಒಂದೊಂದಾಗಿ ಬದಲಿಸುವ ಕ್ರಮವನ್ನೇ. ಬೇಸರ ತರಿಸುವ ಕೆಲಸವೆನಿಸಿದರೂ ಇದನ್ನು ದಾಟಿಹೋಗುವ ಅಡ್ಡದಾರಿಯನ್ನು ನಾನು ಯಾರಿಗೂ ಸೂಚಿಸಲಾರೆ. ಲ್ಯಾವೆಂಡರ್, ಕೂಮರಿನ್ ಎರಡರಲ್ಲಿ ಯಾವುದೂ ಪ್ರತ್ಯೇಕವಾಗಿ ಎದ್ದು ಕಾಣದೆ ಮೂರನೆಯ ವಾಸನೆಯೊಂದು ಹುಟ್ಟಿದ ಶೀಶೆಯನ್ನು ಆರಿಸಿ, ಅದಕ್ಕೆ ಓಕ್ ಮರದ ಪಾಚಿಯ ಛಾಯೆಗಾಗಿ ಎವರ್ನಿಲ್, ಬಳಿಕ ಹೆಡಿಯೋನ್ ಸೇರಿಸಿ. ಒಂಟಿಯಾಗಿ ಮೂಸಿದಾಗ ತೆಳುವಾಗಿ ತೋರುವ ಹೆಡಿಯೋನ್ ಉಳಿದವುಗಳ ನಡುವೆ ಗಾಳಿಯಾಡುವಂತೆ ಮಾಡುತ್ತದೆ. ಸುಗಂಧ ರಚನೆಕಾರ ಎಡ್ಮಂಡ್ ರುಡ್ನಿಟ್ಸ್ಕಾ 1966ರ ‘ಓ ಸೊವಾಜ್’ ಸುಗಂಧದಲ್ಲಿ ಮಾಡಿದ್ದು ಇದನ್ನೇ.

ಉದ್ಯೋಗಕ್ಕೆ ರಸಾಯನಶಾಸ್ತ್ರದ ಪದವಿ ನೆರವಾಗುತ್ತದೆ. ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ 1970ರಲ್ಲಿ ಸ್ಥಾಪನೆಯಾದ ಇಸಿಪ್ಕಾ ಸುಗಂಧ ಶಾಲೆ, ಜೀವೊಡಾನ್‌ನಂಥ ಸುಗಂಧ ಕಂಪನಿಗಳ ಸ್ವಂತ ಶಾಲೆಗಳು, ನಮ್ಮಲ್ಲಿ ಕನೌಜ್‌ನ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರ, ಇವು ಕಲಿಕೆಯ ದಾರಿಗಳು. ಆದರೆ ಕೈಗೆ ಬರುವ ಕೆಲಸ ಬಹುಪಾಲು ಸೋಪು, ಡಿಟರ್ಜೆಂಟ್, ಬೆಂಗಳೂರು ಮತ್ತು ಮೈಸೂರಿನಲ್ಲಾದರೆ ಅಗರಬತ್ತಿಯದು. ವೆನಿಲಿನ್ ಬಿಳಿ ಸೋಪನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ; ಅಗರಬತ್ತಿಯ ಪರಿಮಳವನ್ನು ಉರಿಸಿದ ಮೇಲೆಯೇ ಒರೆಹಚ್ಚಬೇಕು. 1973ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸುಗಂಧ ಸಂಘ, ಅಂದರೆ ಇಫ್ರಾ, ಪದಾರ್ಥಗಳಿಗೆ ವಿಧಿಸಿರುವ ಮಿತಿಗಳನ್ನು ಪ್ರತಿ ಸೂತ್ರಕ್ಕೂ ಪರಿಶೀಲಿಸಬೇಕು. ದಶಕಗಳ ಕಾಲ ಎಲ್ಲೆಲ್ಲೂ ಬಳಕೆಯಲ್ಲಿದ್ದ, ಹೂವಿನ ವಾಸನೆಯ ಲಿಲಿಯಾಲ್ ಎಂಬ ಪದಾರ್ಥವನ್ನು ಐರೋಪ್ಯ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದರಿಂದ ಅಸಂಖ್ಯ ಸೂತ್ರಗಳನ್ನು ಹೊಸದಾಗಿ ಬರೆಯಬೇಕಾಯಿತು. ಆದ್ದರಿಂದ ಪ್ರತಿ ಶೀಶೆಗೂ ಸಂಖ್ಯೆ ಕೊಟ್ಟು, ದಿನಾಂಕ, ತೂಕ, ಪೂರೈಕೆದಾರರ ಹೆಸರುಗಳನ್ನು ಮೊದಲ ದಿನದಿಂದಲೇ ಬರೆದಿಡಿ.